ನಾಲ್ಕು ಬೆರಳು ಗಾಳಿ

ರೂವಿಯ ಆ ಅಂಗಡಿಯಲ್ಲಿ ಹಾಸಿಗೆ ಆರಿಸಲು
ಚಪ್ಪಲಿ ಕಳಚಿ ಮಲಗಿಯೇ ನೋಡಬೇಕು.
ಐವತ್ತೊಂದರ ಹೆಂಗಸು ನಾನು, ಕೈಚೀಲ ಎದೆಗವಚಿ
ಟೆಂಟು ಒಲೆ ಹಗ್ಗಗಳ ನಡುವೆ, ಟ್ಯೂಬ್‌ಲೈಟಿನ ಕೆಳಗೆ
ಕಣ್ಣು ಮುಚ್ಚಬೇಕೋ ಬೇಡವೋ ತಿಳಿಯದೆ
ಅಂಗಾತ ಮಲಗಿದೆ.

"ಹಾಗಲ್ಲ ಅಕ್ಕಾ, ಮನೆಯಲ್ಲಿ ಹೇಗೋ ಹಾಗೆ,"
ಅಂದ ಭಟ್ಕಳದ ಶಾಬಂದ್ರಿ, ಮುಖ ಅತ್ತ ತಿರುಗಿಸಿ.
ಮನೆಯಲ್ಲಿ ನಾನು ಎಡಮಗ್ಗುಲು,
ಮಡಚಿದ ಮಂಡಿ, ಕೆನ್ನೆಯಡಿಗೆ ಅಂಗೈ.
ಹೊರಳಿದೆ. ಸೊಂಟದ ಮೂಳೆ ತೆಳು ಫೋಮು ದಾಟಿ
ಟೈಲ್ಸಿನ ಜೊತೆ ಪರಿಚಯ ಮಾಡಿಕೊಂಡಿತು.

"ಮಗ್ಗುಲಿನವರಿಗೆ ನಾಲ್ಕು ಬೆರಳು ಗಾಳಿ ಬೇಕು.
ಪೂರ್ತಿ ಊದಬೇಡಿ, ಬಿಗಿಯಾದರೆ ಉರುಳಿಸಿಬಿಡುತ್ತದೆ.
ಮೊದಲು ಮಲಗಿ, ಆಮೇಲೆ ಬಿರಡೆ ಸಡಿಲಿಸಿ,
ಸೊಂಟ ಇಳಿಯುವಷ್ಟು ಬಿಡಿ,
ನೆಲ ಮುಟ್ಟುವ ಮೊದಲು ಮುಚ್ಚಿ."
ನಾಲ್ಕು ಬೆರಳು ಗಾಳಿಗೆ ಹದಿನೆಂಟು ರಿಯಾಲು.
ಗಾಳಿಗೂ ಚೌಕಾಸಿ ಮಾಡಿದೆ. ಹದಿನಾರಕ್ಕೆ ಇಳಿಯಿತು.

ಆಮೇಲೆ ಮಲಗುವ ಚೀಲ.
ನೀಲಿಯದರ ಮೇಲೆ ಎರಡು ಅಂಕಿ, ಆರು ಮತ್ತು ಸೊನ್ನೆ.
ಬೆಟ್ಟದಲ್ಲಿ ರಾತ್ರಿ ಎರಡೋ ಮೂರೋ ಅಂತೆ,
ಸೊನ್ನೆಯವರೆಗೆ ಇದೆಯಲ್ಲ, ಸಾಕಲ್ಲವೆ?
ಶಾಬಂದ್ರಿ ತಲೆಯಾಡಿಸಿದ.
"ಸೊನ್ನೆಯಲ್ಲಿ ಮುದುಡಿಕೊಂಡು ಬೆಳಗು ಮಾಡಬಹುದು, ಅಷ್ಟೆ.
ನಿದ್ದೆಯ ಅಂಕಿ ಆರು."

ಪರ್ಸು ತೆರೆಯುವಾಗ ಆ ಮಾತು ಬೆರಳಿಗಂಟಿತು.
ಹತ್ತೊಂಬತ್ತು ವರ್ಷ ಲ್ಯಾಬಿನಲ್ಲಿ ರಾತ್ರಿ ಪಾಳಿ,
ಹಗಲಿಗೆ ಕಪ್ಪು ಪರದೆ, ತಲೆಯ ಮೇಲೆ ಏಸಿಯ ಗೊರಗೊರ.
ಅಷ್ಟು ವರ್ಷ ನಾನು ಯಾವ ಅಂಕಿಯಲ್ಲಿ...
ಇರಲಿ. ಚಿಲ್ಲರೆ ಎಣಿಸಿ
ದಪ್ಪನೆಯ ಹಸಿರು ಚೀಲವನ್ನೇ ತಗೊಂಡೆ.

ಜಬಲ್ ಶಮ್ಸ್‌ನ ಕಲ್ಲುಹಾಸಿನ ಮೇಲೆ ನಾವು ನಾಲ್ವರು.
ರಯ್ಯಾ ಇದೇ ಸೀಮೆಯವಳು,
ಆಡುಕೂದಲಿನ ಕಂಬಳಿ ಬಿಚ್ಚುತ್ತಾಳೆಂದು ಕಾದಿದ್ದೆ.
ಅವಳು ಬಿಚ್ಚಿದ್ದು ಮಡಚುವ ಮಂಚ,
ಪಕ್ಕದಲ್ಲಿ ಲೋಟ ಇಡಲು ಜೇಬು ಬೇರೆ!
"ಕಲ್ಲಿನ ಮೇಲೆ ಮಲಗಿಯೇ ನಮ್ಮಜ್ಜಿಯ ಬೆನ್ನು ಹೋಯಿತು.
ನನ್ನದೂ ಹೋಗಬೇಕೆ?"

ತ್ರಿವೇಣಿ ಕಾರಿನಲ್ಲೇ ಒರಗಿದಳು, ಕಿಟಕಿ ಎರಡು ಬೆರಳು ಇಳಿಸಿ.
ಫ್ಲಾವಿಯಾ ಮನೆಯಿಂದ ರಜಾಯಿ ತಂದಿದ್ದಳು,
ಎರಡೂ ಮೈಮೇಲೆ, ಅಡಿಯಲ್ಲಿ ಬರೀ ಪ್ಲಾಸ್ಟಿಕ್ ಚಾಪೆ.
ನಡುರಾತ್ರಿ ಅವಳ ಹಲ್ಲಿನ ಸದ್ದು ಕೇಳಿತು.
ಚಳಿ ಆಕಾಶದಿಂದ ಇಳಿಯುತ್ತದೆಂದು ನಂಬಿದವಳು, ಪಾಪ.
ಅದು ಬರುವುದು ಕೆಳಗಿನಿಂದ:
ಕಲ್ಲು ಕದಲದೆ ಕೂತು ಮೈಯ ಬಿಸಿ ಹೀರುತ್ತಿರುತ್ತದೆ.
ಒಂದು ರಜಾಯಿ ಎಳೆದು ಅವಳಡಿಗೆ ತೂರಿಸಿದೆ.
ಬೈದಳು, ಕೊಂಕಣಿಯಲ್ಲಿ. ಆಮೇಲೆ ಗೊರಕೆ.

ನನಗೋ, ಎಲ್ಲ ಸರಿಯಿತ್ತು.
ಬಿರಡೆ ಸಡಿಲಿಸಿದೆ, ಸೊಂಟ ಇಳಿಯಿತು, ಮುಚ್ಚಿದೆ.
ಚೀಲ ಬೆಚ್ಚಗಿತ್ತು, ಕಾಲಿಗೆ ಒಣಗಿದ ಕಾಲುಚೀಲ.
ನಿದ್ದೆ ಮಾತ್ರ ಬರಲಿಲ್ಲ.
ಏಸಿ ಇಲ್ಲ. ಲಿಫ್ಟಿನ ಗಂಟೆ ಇಲ್ಲ.
ಮೇಲಿನ ಮನೆಯವರು ಕುರ್ಚಿ ಎಳೆಯಲಿಲ್ಲ.
ಇಷ್ಟು ನಿಶ್ಶಬ್ದವನ್ನು ಎಲ್ಲಿಡುವುದೋ ತಿಳಿಯದೆ
ಕಿವಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿತ್ತು.

ಮೂರಕ್ಕೆ ಎದ್ದು ಕೂತೆ. ಲ್ಯಾಬಿನಲ್ಲಿ ಅದು ಚಹಾದ ಹೊತ್ತು.
ಫ್ಲಾಸ್ಕಿನಿಂದ ಬಗ್ಗಿಸಿಕೊಂಡೆ.
ಈ ಹೊತ್ತಿಗೆ ಯಾರದೋ ರಕ್ತ ನನ್ನೆದುರು
ಸೂಜಿಯ ತುದಿಯಿಂದ ಗಾಜಿಗೆ ಇಳಿಯುತ್ತಿತ್ತು.
ಇಲ್ಲಿ ಒಂದು ಆಡು ಬಂದು, ನನ್ನ ಗಾಳಿದಿಂಬನ್ನು ಮೂಸಿ,
ಅಂಚು ಜಗಿದು, ರುಚಿಸದೆ ಬಿಟ್ಟು ಹೋಯಿತು.
ದಿಂಬು ಸುಸ್ಸೆಂದು ನಿಟ್ಟುಸಿರಿಟ್ಟಿತು.

ಜಾಕೀಟು ಮಡಚಿ ತಲೆಗಿಟ್ಟು ಎಡಕ್ಕೆ ಹೊರಳಿದ್ದು ನೆನಪಿದೆ.

ಶನಿವಾರ ತೂತು ದಿಂಬು ಹಿಡಿದು ರೂವಿಗೆ ಹೋದೆ.
"ಆಡಿಗೆ ಗ್ಯಾರಂಟಿ ಇಲ್ಲ," ಅಂದ ಶಾಬಂದ್ರಿ, ಅಂಟುಪಟ್ಟಿ ಹುಡುಕುತ್ತಾ.
"ನಿದ್ದೆ ಬಂತಾ ಅಕ್ಕಾ?"
ಒಂದೂವರೆ ಗಂಟೆ, ಅಂದೆ.
ಅವನ ಮುಖ ಸಣ್ಣಗಾಯಿತು.
ಹದಿನಾರು ರಿಯಾಲಿಗೆ ಕಡಿಮೆಯೇನಲ್ಲ ಮಾರಾಯಾ, ಅಂದೆ.
ಪೂರ್ತಿ ಒಂದೂವರೆ.